ಎರಡನೇ ಬೈಕು: ದೂರ ಪ್ರಯಾಣಕ್ಕೆ ಆರಾಮವಾದ ಗಾಡಿ ಆರಿಸುವುದು ಹೇಗೆ?

ಹೊಸದಾರಿ:
ಈಗಿರುವುದು 150 ಸಿಸಿ ಗಾಡಿ, 14,000 ಕಿ.ಮೀ. ಓಡಿದೆ. ಮುಂದಿನದು ದಿನಕ್ಕೆ 350–400 ಕಿ.ಮೀ. ಓಡಿಸಿ, ಮರುದಿನ ಬೆಳಿಗ್ಗೆ ಮತ್ತೆ ಹೊರಡಬಹುದು ಅನ್ನಿಸುವಂಥದ್ದು ಬೇಕು. ಎತ್ತರ 168 ಸೆಂ.ಮೀ., ಬರಿಗಾಲಿನಲ್ಲಿ ನಿಂತಾಗ ಒಳಗಾಲಿನ ಅಳತೆ 76 ಸೆಂ.ಮೀ., ತೂಕ 70 ಕೆ.ಜಿ. ಆಗಾಗ ಹಿಂದೆ ಇನ್ನೊಬ್ಬರು ಕೂರುತ್ತಾರೆ. ಹೆಚ್ಚಿನದು ಡಾಂಬರು ರಸ್ತೆ, ನಡುನಡುವೆ ಕಿತ್ತುಹೋದ ತುಂಡುಗಳು. ಮನಸ್ಸಿನಲ್ಲಿರುವುದು ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯರ್ 650, ಹಿಮಾಲಯನ್ 450, ಹೋಂಡಾ ಎನ್‌ಎಕ್ಸ್500, ಸುಜುಕಿ ವಿ-ಸ್ಟ್ರಾಮ್ 650. ಯಾವುದು ಆರಾಮ ಎನ್ನುವುದಕ್ಕಿಂತ ಆರಾಮವನ್ನು ಅಳೆಯುವುದು ಹೇಗೆ ಎಂದು ತಿಳಿಸಿದರೆ ಉಪಕಾರ.

ಹಳೇಸ್ಪ್ಯಾನರ್:
ಸಿಸಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಸೀಟು, ಫುಟ್‌ರೆಸ್ಟು, ಹ್ಯಾಂಡಲ್ ಎಂಬ ಮೂರು ಬಿಂದುಗಳನ್ನು ಸೇರಿಸಿದರೆ ಒಂದು ತ್ರಿಕೋನ ಆಗುತ್ತದಲ್ಲ, ನಿಮ್ಮ ಬೆನ್ನು ಎರಡು ಗಂಟೆಯ ಮೇಲೆ ಹೇಗಿರುತ್ತದೆ ಎಂದು ತೀರ್ಮಾನಿಸುವುದು ಅದು.

ಸೂಪರ್ ಮೀಟಿಯರ್ ಥರದ ಕ್ರೂಸರಿನಲ್ಲಿ ಕಾಲು ಮುಂದೆ ಚಾಚಿರುತ್ತದೆ. ಮೈಭಾರವೆಲ್ಲ ಬಾಲಮೂಳೆಯ ಮೇಲೆ. ಗುಂಡಿ ಬಂದಾಗ ಫುಟ್‌ರೆಸ್ಟಿನ ಮೇಲೆ ಎದ್ದು ನಿಲ್ಲಲು ಆಗುವುದಿಲ್ಲ, ಏಕೆಂದರೆ ಪಾದ ಸೊಂಟದ ಕೆಳಗಿಲ್ಲ. ಮೇಲಾಗಿ ಸಸ್ಪೆನ್ಷನ್ ಓಡಾಟ (ಗುಂಡಿ ಬಂದಾಗ ಚಕ್ರ ಮೇಲೆ ಕೆಳಗೆ ಸರಿಯಬಲ್ಲ ದೂರ) ಮುಂದೆ 120, ಹಿಂದೆ 101 ಮಿ.ಮೀ. ಮಾತ್ರ. ಹಿಮಾಲಯನ್ 450ರಲ್ಲಿ ಎರಡೂ ಕಡೆ 200 ಮಿ.ಮೀ. ಇದೆ, ಪಾದ ನೇರ ಕೆಳಗೆ. ಕಿತ್ತುಹೋದ ರಸ್ತೆಯಲ್ಲಿ ಸೀಟಿನಿಂದ ಎರಡು ಬೆರಳಷ್ಟು ಮೇಲೆದ್ದರೆ ಸಾಕು, ಹೊಡೆತವನ್ನು ಮಂಡಿ ನುಂಗಿಕೊಳ್ಳುತ್ತದೆ, ಬೆನ್ನಿಗೆ ಬರುವುದಿಲ್ಲ.

ಶೋರೂಮಿನಲ್ಲೇ ಮಾಡಬಹುದಾದ ಮೂರು ಪರೀಕ್ಷೆ. ಗಾಡಿಯನ್ನು ಯಾರಾದರೂ ನೇರವಾಗಿ ಹಿಡಿದುಕೊಳ್ಳಲಿ, ಎರಡೂ ಪಾದ ಫುಟ್‌ರೆಸ್ಟಿನ ಮೇಲಿರಲಿ. ಮೊದಲು ಹ್ಯಾಂಡಲಿನಿಂದ ಎರಡೂ ಕೈಯನ್ನು ಒಂದು ಅಂಗುಲ ಮೇಲೆತ್ತಿ. ಮುಂದಕ್ಕೆ ಬೀಳುವಂತಾಗಿ ಹೊಟ್ಟೆ ಬಿಗಿ ಹಿಡಿಯಬೇಕಾಯಿತೋ, ಆ ಭಾರವೆಲ್ಲ ದಾರಿಯುದ್ದಕ್ಕೂ ಮಣಿಕಟ್ಟಿನ ಮೇಲೆ ಬೀಳುತ್ತದೆ. ಎರಡನೆಯದು, ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಹೊರಬದಿಯ ಮೊಣಕೈ ಪೂರ್ತಿ ಚಾಚಿಕೊಂಡರೆ ಹ್ಯಾಂಡಲ್ ದೂರ ಇದೆ, ಯು-ಟರ್ನಿನಲ್ಲಿ ಕಷ್ಟವಾಗುತ್ತದೆ. ಮೂರನೆಯದು ಮಂಡಿ. ತೀರಾ ಮಡಚಿದ್ದರೆ ಒಂದು ಗಂಟೆಯೊಳಗೆ ನೋವು ಶುರು. ಎರಡು ನಿಮಿಷ ಕೂತು ಇಳಿದರೆ ಇದು ಗೊತ್ತಾಗುವುದಿಲ್ಲ, ಹತ್ತು ನಿಮಿಷವಾದರೂ ಕೂರಿ.

ತಗ್ಗುಸೀಟು:
ಕ್ರೂಸರನ್ನು ಅಷ್ಟು ಬೇಗ ತಳ್ಳಿಹಾಕಬೇಡಿ ಸರ್. 76 ಸೆಂ.ಮೀ. ಒಳಗಾಲಿಗೆ 740 ಮಿ.ಮೀ. ಸೀಟು ಎಂದರೆ ಎರಡೂ ಪಾದ ಪೂರ್ತಿ ನೆಲಕ್ಕೆ. ಹೊಸಬರು ಗಾಡಿ ಬೀಳಿಸುವುದು ಹೆಚ್ಚಾಗಿ ನಿಂತಾಗಲೇ: ಸಿಗ್ನಲ್ಲು, ಇಳಿಜಾರಿನ ಪಾರ್ಕಿಂಗು, ಜಲ್ಲಿ ಹರಡಿದ ಅಂಚು. ಅಲ್ಲಿ ತಗ್ಗು ಸೀಟು ಕೊಡುವ ಧೈರ್ಯವೂ ಆರಾಮದ ಭಾಗವೇ. ರಸ್ತೆ ನುಣುಪಾಗಿದ್ದು ವೇಗ 80–90ರಲ್ಲಿ ಇದ್ದರೆ ಕ್ರೂಸರಿನ ಮೇಲೆ ಇಡೀ ದಿನ ಕಳೆಯುವವರು ಎಷ್ಟೋ ಜನ ಇದ್ದಾರೆ.

ಹಳೇಸ್ಪ್ಯಾನರ್:
ನಿಂತಾಗಿನ ಮಾತು ಒಪ್ಪಿದೆ. ಆದರೆ ಅದೇ ಗಾಡಿ 241 ಕೆ.ಜಿ. ಪಾದ ನೆಲಕ್ಕೆ ತಾಗುತ್ತದೆ ಸರಿ, ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಹಿಂದಕ್ಕೆ ತಳ್ಳಿಕೊಳ್ಳುವುದು 150 ಸಿಸಿಯಿಂದ ಬಂದವರಿಗೆ ಬೇರೆಯದೇ ಕೆಲಸ. ಪ್ರಶ್ನೆಯಲ್ಲಿ ಕಿತ್ತುಹೋದ ರಸ್ತೆಯೂ ಇದೆ, ಅದನ್ನು ಬಿಟ್ಟು ಉತ್ತರ ಹೇಳಲಾಗದು.

ನೆಲಪಾದ:
ಸೀಟಿನ ಎತ್ತರದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಕಂಪನಿ ಕೊಡುವ ಮಿಲಿಮೀಟರ್ ಲೆಕ್ಕ ಅರ್ಧ ಮಾತ್ರ. ಸೀಟಿನ ಮುಂಭಾಗ ಎಷ್ಟು ಅಗಲ ಎನ್ನುವುದು ಇನ್ನರ್ಧ. ತೊಡೆ ಅಗಲಿಸಿದಷ್ಟೂ ಕಾಲು ಗಿಡ್ಡವಾಗುತ್ತದೆ. 830 ಮಿ.ಮೀ.ನ ಕಿರಿದಾದ ಸೀಟಿನಲ್ಲಿ 810 ಮಿ.ಮೀ.ನ ಅಗಲ ಸೀಟಿಗಿಂತ ಚೆನ್ನಾಗಿ ಕಾಲು ಸಿಗಬಹುದು. ಕೂತಾಗ ಸಸ್ಪೆನ್ಷನ್ ತಗ್ಗುವುದೂ ಸೇರಬೇಕು. ಓಡಾಟ ಹೆಚ್ಚಿರುವ ಗಾಡಿ 70 ಕೆ.ಜಿ.ಗೂ ಎರಡು ಮೂರು ಸೆಂ.ಮೀ. ಕೂರುತ್ತದೆ, ಬೂಟಿನ ಅಟ್ಟೆ ಇನ್ನೆರಡು ಸೆಂ.ಮೀ. ಕೊಡುತ್ತದೆ. ಆದ್ದರಿಂದ ಸವಾರಿಗೆ ಹಾಕುವ ಬೂಟನ್ನೇ ಹಾಕಿಕೊಂಡು ಹೋಗಿ ನೋಡಿ.

ಹಿಮಾಲಯನ್ 450ರ ಸೀಟು 825 ಮತ್ತು 845ಕ್ಕೆ ಬದಲಿಸಬಹುದು, ಎನ್‌ಎಕ್ಸ್500 ಸುಮಾರು 830, ವಿ-ಸ್ಟ್ರಾಮ್ 835. ನಿಮ್ಮ ಅಳತೆಗೆ ಮೂರರಲ್ಲೂ ಪಾದದ ಮುಂಭಾಗ ಮಾತ್ರ ತಾಗುತ್ತದೆ. ಅದು ಸಾಕು. ನಿಲ್ಲಿಸುವಾಗ ಒಂದು ಕಡೆಗೆ ಸ್ವಲ್ಪ ಸರಿದು ಎಡಗಾಲನ್ನು ಪೂರ್ತಿ ಊರಿ, ಬಲಗಾಲನ್ನು ಹಿಂದಿನ ಬ್ರೇಕಿನ ಮೇಲೇ ಬಿಡುವ ಅಭ್ಯಾಸ ಮಾಡಿಕೊಳ್ಳಿ. ಇಳಿಜಾರಿನಲ್ಲೂ ಗಾಡಿ ಜಾರುವುದಿಲ್ಲ.

ತೂಕ ಎಲ್ಲಿದೆ ಎನ್ನುವುದೂ ಮುಖ್ಯ. ಒಂದು ಲೀಟರ್ ಪೆಟ್ರೋಲು ಸುಮಾರು 740 ಗ್ರಾಂ. ವಿ-ಸ್ಟ್ರಾಮಿನ 20 ಲೀಟರ್ ಟ್ಯಾಂಕು ತುಂಬಿದರೆ 15 ಕೆ.ಜಿ. ಹತ್ತಿರ, ಅದೂ ಗಾಡಿಯ ಮೇಲ್ಭಾಗದಲ್ಲಿ. ಹೋಂಡಾ ಎನ್‌ಸಿ750ಎಕ್ಸ್‌ನಲ್ಲಿ ಟ್ಯಾಂಕನ್ನು ಸೀಟಿನ ಅಡಿಗೆ ಇಟ್ಟಿದ್ದಾರೆ. ಕಾಗದದ ಮೇಲೆ ತೂಕ ಕಡಿಮೆಯೇನಲ್ಲ, ನಡಿಗೆಯ ವೇಗದಲ್ಲಿ ಮಾತ್ರ ಹಗುರ ಅನ್ನಿಸುತ್ತದೆ. ಪರೀಕ್ಷಿಸಲು ಕೊಟ್ಟ ಗಾಡಿಯಲ್ಲಿ ಎರಡೇ ಲೀಟರ್ ಇದ್ದರೆ ಆ ಅನುಭವ ಪೂರ್ತಿ ನಿಜವಲ್ಲ ಎಂದು ನೆನಪಿಡಿ.

ಹೊಸದಾರಿ:
ಹಿಂದಿನ ಶಾಕ್‌ನ ಲಿಂಕ್ (ಶಾಕನ್ನು ಹಿಂಬದಿಯ ಚೌಕಟ್ಟಿಗೆ ಜೋಡಿಸುವ ಲೋಹದ ತುಂಡು) ಬದಲಿಸಿ ಗಾಡಿ ತಗ್ಗಿಸುವ ಕಿಟ್ ಹಾಕಿಸಬಹುದೇ?

ಹಳೇಸ್ಪ್ಯಾನರ್:
ಬಹುದು, ಆದರೆ ಅದು ಕೊನೆಯ ದಾರಿ. ಹಿಂದೆ ಮಾತ್ರ ತಗ್ಗಿಸಿದರೆ ಮುಂಭಾಗ ಮೇಲೆದ್ದ ಹಾಗಾಗಿ ಫೋರ್ಕಿನ (ಮುಂದಿನ ಚಕ್ರ ಹಿಡಿದಿರುವ ಎರಡು ಕಂಬದ) ವಾಲಿಕೆ ಹೆಚ್ಚುತ್ತದೆ, ತಿರುವಿನಲ್ಲಿ ಗಾಡಿ ಸೋಮಾರಿಯಾಗುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಸಮ ಮಾಡಲು ಫೋರ್ಕನ್ನು ಕ್ಲ್ಯಾಂಪಿನಲ್ಲಿ ಮೇಲಕ್ಕೆ ಸರಿಸಬೇಕು, ಸರಿಸಿದ ಮೇಲೆ ಪೂರ್ತಿ ಒತ್ತಿದಾಗ ಚಕ್ರ ಮಡ್‌ಗಾರ್ಡಿಗೋ ರೇಡಿಯೇಟರಿಗೋ ತಾಗದಂತೆ ನೋಡಬೇಕು. ಸೈಡ್ ಸ್ಟ್ಯಾಂಡು ಉದ್ದವಾದಂತಾಗಿ ಗಾಡಿ ನೆಟ್ಟಗೆ ನಿಲ್ಲುತ್ತದೆ, ಗಾಳಿ ಬಂದರೆ ಬಲಕ್ಕೆ ಉರುಳುತ್ತದೆ. ಅದನ್ನು ಕತ್ತರಿಸಿ ಬೆಸುಗೆ ಹಾಕಿಸಬೇಕು ಅಥವಾ ಗಿಡ್ಡದು ಹಾಕಿಸಬೇಕು. ಚೈನಿನ ಸಡಿಲವನ್ನೂ ಹೊಸದಾಗಿ ಹೊಂದಿಸಬೇಕು.

ಇಷ್ಟೆಲ್ಲಕ್ಕಿಂತ ಮೊದಲು ಸೀಟಿನ ಮುಂಭಾಗದ ಎರಡೂ ಅಂಚನ್ನು ಒಂದೂವರೆ–ಎರಡು ಸೆಂ.ಮೀ. ಸವರಿಸಿ ಹೊಲಿಸಿ. ನಡುವಿನ ಫೋಮು ಮುಟ್ಟಬೇಡಿ. ನಡುವೆ ತೆಳ್ಳಗೆ ಮಾಡಿದರೆ ಕೂರುವ ಮೂಳೆ ಅಡಿಯ ಪ್ಲಾಸ್ಟಿಕ್ಕಿಗೆ ಮುಟ್ಟುತ್ತದೆ, ನೂರು ಕಿ.ಮೀ. ದಾಟುವುದರೊಳಗೆ ಗೊತ್ತಾಗುತ್ತದೆ.

ಗಾಳಿಗೋಡೆ:
ಸೀಟಿನ ಬಗ್ಗೆ ಇಷ್ಟು ಮಾತಾಯಿತು, ಗಾಳಿಯ ಬಗ್ಗೆ ಯಾರೂ ಹೇಳಲಿಲ್ಲ. ದಿನದ ಕೊನೆಗೆ ಸುಸ್ತು ಮಾಡುವುದರಲ್ಲಿ ಸೀಟಿನಷ್ಟೇ ಪಾಲು ಗಾಳಿಯದು. ವೇಗ ಹೆಚ್ಚಿದಂತೆ ಗಾಳಿಯ ತಡೆ ವರ್ಗದ ಲೆಕ್ಕದಲ್ಲಿ, ಅದನ್ನು ಸೀಳಲು ಬೇಕಾದ ಶಕ್ತಿ ಘನದ ಲೆಕ್ಕದಲ್ಲಿ ಏರುತ್ತದೆ. 90ರಿಂದ 110ಕ್ಕೆ ಏರಿಸಿದರೆ ಗಾಳಿಗೇ ಸುಮಾರು 1.8 ಪಟ್ಟು ಶಕ್ತಿ ಬೇಕು. ಚಿಕ್ಕ ಎಂಜಿನ್ನಿನ ಮೈಲೇಜು ಅಲ್ಲೇ ಕುಸಿಯುವುದು.

ಎತ್ತರದ ವಿಂಡ್‌ಸ್ಕ್ರೀನ್ ಹಾಕಿಸಿದರೆ ಎಲ್ಲ ಸರಿ ಎಂದುಕೊಳ್ಳುವುದು ತಪ್ಪು. ಸ್ಕ್ರೀನಿನ ತುದಿಯಿಂದ ಹೊರಡುವ ಗಾಳಿ ಸುಳಿಸುಳಿಯಾಗಿರುತ್ತದೆ. ಆ ಸುಳಿ ಸರಿಯಾಗಿ ಹೆಲ್ಮೆಟ್ಟಿಗೆ ಬಡಿದರೆ ತಲೆ ಕುಲುಕುತ್ತದೆ, ಕಣ್ಣು ಮಂಜಾಗುತ್ತದೆ, ಕುತ್ತಿಗೆ ಸೋಲುತ್ತದೆ. ಸ್ಕ್ರೀನೇ ಇಲ್ಲದ ಗಾಡಿಯಲ್ಲಿ ಎದೆಗೆ ಗಾಳಿ ಹೊಡೆದರೂ ಹೆಲ್ಮೆಟ್ಟಿನ ಸುತ್ತ ಗಾಳಿ ಶುದ್ಧವಾಗಿರುವುದರಿಂದ ಎಷ್ಟೋ ಸಲ ಕಡಿಮೆ ಗದ್ದಲ. ಪರೀಕ್ಷೆ ಹೀಗೆ: ಖಾಲಿಯಾದ ನೇರ ರಸ್ತೆಯಲ್ಲಿ, ದಿನವೂ ಓಡಿಸುವ ವೇಗದಲ್ಲಿ, ಸೀಟಿನಿಂದ ಐದು ಸೆಂ.ಮೀ. ಮೇಲೆದ್ದು ನೋಡಿ, ಆಮೇಲೆ ಐದು ಸೆಂ.ಮೀ. ಕುಗ್ಗಿ ನೋಡಿ. ಎದ್ದಾಗ ಸದ್ದು ತಗ್ಗಿದರೆ ನಿಮಗೆ ಬೇಕಾದದ್ದು ಗಿಡ್ಡ ಸ್ಕ್ರೀನು. ಕುಗ್ಗಿದಾಗ ತಗ್ಗಿದರೆ ಎತ್ತರದ್ದು. ಯಾವುದಾದರೂ ಸರಿ, ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಕೆಳಗಿರಲಿ, ಅದರ ಮೇಲಿಂದ ರಸ್ತೆ ಕಾಣಬೇಕು. ಮಳೆಯ ರಾತ್ರಿ ಪ್ಲಾಸ್ಟಿಕ್ಕಿನ ಮೂಲಕ ನೋಡುವುದು ಅಪಾಯ.

ಇನ್ನೊಂದು. ನೂರರ ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಗಾಳಿಯ ಸದ್ದು 90 ಡೆಸಿಬಲ್ ದಾಟುತ್ತದೆ, ಗಂಟೆಗಟ್ಟಲೆ ಕೇಳಿದರೆ ಕಿವಿಗೆ ಶಾಶ್ವತ ಹಾನಿ. ಫೋಮಿನ ಇಯರ್‌ಪ್ಲಗ್ ಹಾಕಿಕೊಳ್ಳಿ. ಬೆರಳಿನಲ್ಲಿ ಉರುಳಿಸಿ ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗಿಟ್ಟು, ಅದು ಉಬ್ಬುವವರೆಗೆ ಒತ್ತಿ ಹಿಡಿಯಿರಿ. ಹಾರ್ನು ಕೇಳುತ್ತದೆ, ಭೋರೆನ್ನುವ ಗಾಳಿ ತಗ್ಗುತ್ತದೆ. ಇದರ ಬಳಕೆಗೆ ನಿಮ್ಮಲ್ಲಿ ಕಾನೂನಿನ ಅಡ್ಡಿ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಆರನೇಗೇರು:
ಎಂಜಿನ್ ಬಗ್ಗೆ ನನ್ನ ಮಾತು ಇಷ್ಟೇ: ಗರಿಷ್ಠ ಶಕ್ತಿ ನೋಡಬೇಡಿ, ನೀವು ಓಡಿಸುವ ವೇಗದಲ್ಲಿ ಮೇಲಿನ ಗೇರಿನಲ್ಲಿ ಎಷ್ಟು ಆರ್‌ಪಿಎಂ ಇದೆ, ಆ ಜಾಗದಲ್ಲಿ ನಡುಕ ಎಷ್ಟಿದೆ ನೋಡಿ. ಪ್ರತಿ ಎಂಜಿನ್ನಿಗೂ ಒಂದು ಶಾಂತ ವಲಯ ಇರುತ್ತದೆ. ಒಂದೇ ಸಿಲಿಂಡರಿನ ಹಿಮಾಲಯನ್ 450 ನಡುಕ ತಗ್ಗಿಸುವ ಬ್ಯಾಲೆನ್ಸರ್ ಇದ್ದರೂ ಎರಡು ಸಿಲಿಂಡರಿನ ಎನ್‌ಎಕ್ಸ್500 ಅಥವಾ ವಿ-ಸ್ಟ್ರಾಮಿನಷ್ಟು ನುಣುಪಾಗಿರಲಾರದು, ಅದು ವಿನ್ಯಾಸದ ಗುಣ. ವಿ-ಸ್ಟ್ರಾಮಿನ 645 ಸಿಸಿ ಎಂಜಿನ್ 90 ಡಿಗ್ರಿ ವಿ-ಟ್ವಿನ್ (ಎರಡು ಸಿಲಿಂಡರು V ಆಕಾರದಲ್ಲಿ), ಆ ಕೋನದಲ್ಲಿ ಮುಖ್ಯ ನಡುಕ ತಾನಾಗಿಯೇ ಸಮತೂಕಕ್ಕೆ ಬರುತ್ತದೆ.

ಉಂಗುರ ಬೆರಳು, ಕಿರುಬೆರಳಿಗೆ ಜೋಮು ಹಿಡಿಯುತ್ತಿದ್ದರೆ ಎಲ್ಲದಕ್ಕೂ ಎಂಜಿನ್ನನ್ನೇ ದೂರಬೇಡಿ. ಗ್ಲೌಸ್ ಬಿಗಿಯಾಗಿರಬಹುದು, ಹ್ಯಾಂಡಲನ್ನು ಗಟ್ಟಿಯಾಗಿ ಹಿಡಿಯುತ್ತಿರಬಹುದು, ಲಿವರುಗಳು ತೀರಾ ಮೇಲಿರಬಹುದು. ಕೂತಾಗ ಮೊಣಕೈಯಿಂದ ಬೆರಳಿನ ತುದಿಯವರೆಗೆ ಒಂದೇ ಗೆರೆ ಬರುವಂತೆ ಲಿವರನ್ನು ಕೆಳಗೆ ತಿರುಗಿಸಿ. ಎರಡು ಅಲೆನ್ ಬೋಲ್ಟಿನ ಕೆಲಸ, ಕಾಸು ಖರ್ಚಿಲ್ಲ. ಅದಾದ ಮೇಲೂ ಉಳಿದರೆ ಹ್ಯಾಂಡಲಿನ ತುದಿಗೆ ಭಾರದ ಬಾರ್-ಎಂಡ್ ಹಾಕಿ.

ಮುಂದಿನ ಸ್ಪ್ರಾಕೆಟಿಗೆ (ಚೈನು ಕೂರುವ ಹಲ್ಲುಚಕ್ರಕ್ಕೆ) ಒಂದು ಹಲ್ಲು ಹೆಚ್ಚಿಸುವುದೂ ಒಂದು ಉಪಾಯ. 15 ಹಲ್ಲಿಂದ 16ಕ್ಕೆ ಹೋದರೆ ಅದೇ ವೇಗಕ್ಕೆ ಆರ್‌ಪಿಎಂ 6 ಶೇಕಡದಷ್ಟು ಇಳಿಯುತ್ತದೆ, 5,000 ಇದ್ದದ್ದು 4,700ರ ಆಸುಪಾಸು. ಇಬ್ಬರು ಕೂತು ಏರು ಹತ್ತುವಾಗ ಮಾತ್ರ ಗೇರು ಇಳಿಸಬೇಕಾಗುತ್ತದೆ. ಸ್ಪ್ರಾಕೆಟಿನ ಮುಚ್ಚಳದೊಳಗೆ ಜಾಗ ಇದೆಯೇ ನೋಡಿಕೊಂಡು ಮಾಡಿಸಿ.

ಹೊರೆಲೆಕ್ಕ:
ಹಿಂದೆ ಇನ್ನೊಬ್ಬರು ಕೂರುತ್ತಾರೆ ಎಂದಿದ್ದೀರಿ. ಹಾಗಾದರೆ ಗಾಡಿಯ ಒಟ್ಟು ಅನುಮತಿಸಿದ ತೂಕದಿಂದ ಪೆಟ್ರೋಲು ತುಂಬಿದ ಗಾಡಿಯ ತೂಕ ಕಳೆಯಿರಿ. ಉದಾಹರಣೆಗೆ 380ರಲ್ಲಿ 200 ಹೋದರೆ 180. ಹೆಲ್ಮೆಟ್, ಜಾಕೆಟ್, ಬೂಟು ಸೇರಿ ನೀವು 80, ಹಿಂದಿನವರು 68. ಉಳಿಯಿತು 32. ಕ್ರ್ಯಾಶ್ ಗಾರ್ಡು, ಬಾಕ್ಸಿನ ಚೌಕಟ್ಟು, ಖಾಲಿ ಬಾಕ್ಸುಗಳೇ 20 ದಾಟಬಹುದು. ಬಟ್ಟೆಗೆ ಉಳಿದದ್ದು 12 ಕೆ.ಜಿ. ಬಹಳ ಜನ ಇಲ್ಲೇ ಎಡವುವುದು.

ಟಾಪ್ ಬಾಕ್ಸಿನೊಳಗೆ ಎಷ್ಟು ಹಾಕಬಹುದು ಎಂದು ಕ್ಯಾರಿಯರ್ ಮೇಲೇ ಬರೆದಿರುತ್ತದೆ, ಕೆಲವದಕ್ಕೆ ಐದಾರು ಕೆ.ಜಿ. ಅಷ್ಟೇ. ಅದು ಹಿಂದಿನ ಚಕ್ರದ ಅಚ್ಚಿಗಿಂತಲೂ ಹಿಂದೆ ಇರುವುದರಿಂದ ಭಾರ ಹೆಚ್ಚಾದರೆ ಮುಂದಿನ ಚಕ್ರ ಹಗುರಾಗುತ್ತದೆ, ವೇಗದಲ್ಲಿ ಹ್ಯಾಂಡಲ್ ಓಲಾಡುತ್ತದೆ. ಟೂಲು, ನೀರು, ಪಂಕ್ಚರ್ ಕಿಟ್ ಪಕ್ಕದ ಬ್ಯಾಗಿನ ತಳಕ್ಕೆ, ಎರಡೂ ಕಡೆ ಸಮವಾಗಿ. ಮೇಲೆ ಮಳೆಕೋಟು, ಬಟ್ಟೆ ಮಾತ್ರ. ಟೈರಿನ ಗಾಳಿಯೂ ಬದಲಾಗಬೇಕು: ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಅಥವಾ ಚೈನ್ ಗಾರ್ಡಿನ ಸ್ಟಿಕರಿನಲ್ಲಿ ಒಬ್ಬರಿಗೆ, ಇಬ್ಬರಿಗೆ ಬೇರೆ ಬೇರೆ ಅಂಕಿ ಇರುತ್ತದೆ. ತಣ್ಣಗಿರುವಾಗ ಅಳೆಯಿರಿ. ಓಡಿ ಬಿಸಿಯಾದ ಮೇಲೆ ಹೆಚ್ಚು ತೋರಿಸಿತೆಂದು ಗಾಳಿ ಬಿಡಬೇಡಿ.

ನೆಲಪಾದ:
ಟೆಸ್ಟ್ ರೈಡ್ ಹೇಗೆ ಮಾಡಬೇಕು ಎಂಬುದನ್ನೂ ಸೇರಿಸುತ್ತೇನೆ. ಮೆತ್ತನೆಯ ಸೀಟು ಮೊದಲ ಹತ್ತು ನಿಮಿಷ ಸ್ವರ್ಗ, ಒಂದು ಗಂಟೆಗೆ ಹಳ್ಳ. ಗಟ್ಟಿ ಅನ್ನಿಸುವ ಸೀಟೇ ಎಷ್ಟೋ ಸಲ ಸಂಜೆಯವರೆಗೆ ತಡೆಯುವುದು. ಆದ್ದರಿಂದ ಶೋರೂಮಿನ ಸುತ್ತು ಸಾಲದು, ಬಾಡಿಗೆಗೆ ಸಿಕ್ಕರೆ ಅರ್ಧ ದಿನ ತೆಗೆದುಕೊಳ್ಳಿ.

ಶುರುವಿಗೆ ಎಂಜಿನ್ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಗಾಡಿಯ ಎಡಕ್ಕೆ ನಿಂತು ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಹಿಂದೆ ತಳ್ಳಿ. ಆಮೇಲೆ ಕೂತು ಕಾಲಿಂದ ಹಿಂದಕ್ಕೆ ತಳ್ಳಿ. ಇದೇ ಬೆವರು ತರಿಸಿದರೆ ದಿನವೂ ತರಿಸುತ್ತದೆ. ನಂತರ ಖಾಲಿ ಮೈದಾನದಲ್ಲಿ ಮೊದಲ ಗೇರಿನಲ್ಲಿ ಎಂಟರ ಆಕಾರ: ಕ್ಲಚ್ ಅರ್ಧ ಹಿಡಿದು, ಹಿಂದಿನ ಬ್ರೇಕನ್ನು ಸ್ವಲ್ಪವೇ ಒತ್ತಿ, ದೃಷ್ಟಿ ಹೋಗಬೇಕಾದ ಕಡೆಗೆ. ಥ್ರಾಟಲ್ ಮುಟ್ಟಿದ ಕೂಡಲೇ ಗಾಡಿ ಎಗರಿದರೆ ದಟ್ಟಣೆಯಲ್ಲಿ ಸುಸ್ತಾಗುತ್ತದೆ. ಕ್ಲಚ್ಚಿನ ಬಿಗಿಯನ್ನು ಇಪ್ಪತ್ತು ಸಲ ಒತ್ತಿ ನೋಡಿ, ಒಂದೆರಡು ಸಲಕ್ಕೆ ಎಲ್ಲವೂ ಹಗುರವೇ.

ರಸ್ತೆಗೆ ಬಂದ ಮೇಲೆ ಗಮನಿಸಬೇಕಾದದ್ದು: ಬ್ರೇಕು ಹಿಡಿದಾಗಲೆಲ್ಲ ಮುಂದಕ್ಕೆ ಜಾರಿ ಟ್ಯಾಂಕಿಗೆ ಅಂಟಿಕೊಳ್ಳುತ್ತೀರಾ? ಹಾಗಾದರೆ ಸೀಟಿನ ಇಳಿಜಾರು ಹೆಚ್ಚು, ಇದು ತೊಡೆಸಂದಿಯ ಜೋಮಿಗೆ ಮೂಲ. ಕೆಲವು ಗಾಡಿಗಳಲ್ಲಿ ಸೀಟಿನ ಮುಂದಿನ ರಬ್ಬರಿನ ಕೆಳಗೆ ಐದು ಮಿ.ಮೀ. ವಾಷರ್ ಕೊಟ್ಟರೆ ಸರಿಹೋಗುತ್ತದೆ. ಬಿಸಿಲಿನಲ್ಲಿ ಇಪ್ಪತ್ತು ನಿಮಿಷ ನಿಧಾನ ದಟ್ಟಣೆಯಲ್ಲಿ ಓಡಿಸಿ, ರೇಡಿಯೇಟರ್ ಫ್ಯಾನಿನ ಬಿಸಿಗಾಳಿ ಯಾವ ಕಾಲಿಗೆ ಬರುತ್ತದೆ ನೋಡಿ. ಕನ್ನಡಿಯಲ್ಲಿ ಮೊಣಕೈ ಬಿಟ್ಟು ರಸ್ತೆ ಕಾಣುತ್ತದೆಯೇ ಅದೂ ನೋಡಿ.

ಹಿಂಬದಿ ಕೂರುವವರನ್ನು ಕರೆದುಕೊಂಡೇ ಹೋಗಿ. ಅವರ ಮಂಡಿ ಎಷ್ಟು ಮಡಚುತ್ತದೆ, ಹಿಡಿಯಲು ಗ್ರ್ಯಾಬ್ ರೈಲು ಇದೆಯೇ ಎನ್ನುವುದನ್ನು ಅವರೇ ಹೇಳಲಿ.

ಹಳೇಸ್ಪ್ಯಾನರ್:
ವಿ-ಸ್ಟ್ರಾಮ್ 650 ಸೆಕೆಂಡ್ ಹ್ಯಾಂಡಿನಲ್ಲಿ ನೋಡುವುದಾದರೆ ಇದನ್ನೂ ಬರೆದಿಟ್ಟುಕೊಳ್ಳಿ. ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿ, ಬಿಸಿ ಇದ್ದರೆ ತಣ್ಣಗಾದ ಮೇಲೆ ಮತ್ತೆ ಬರುತ್ತೇನೆ ಎನ್ನಿ. ಸ್ಟಾರ್ಟಿಂಗ್ ತೊಂದರೆ ತಣ್ಣನೆಯ ಎಂಜಿನ್ನಿನಲ್ಲೇ ಕಾಣುವುದು. ಹಿಂದಿನ ಸ್ಪ್ರಾಕೆಟಿನ ಹಿಂಬದಿಯಲ್ಲಿ ಚೈನನ್ನು ಬೆರಳಿಂದ ಹೊರಕ್ಕೆ ಎಳೆಯಿರಿ, ಅರ್ಧ ಹಲ್ಲು ಕಂಡರೆ ಚೈನು ಸ್ಪ್ರಾಕೆಟು ಎರಡೂ ಹೋಗಿವೆ. ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ನಿಧಾನ ತಿರುಗಿಸಿ, ನಟ್ಟನಡುವೆ ತಡೆದಂತಾದರೆ ಸ್ಟೀರಿಂಗ್ ಬೇರಿಂಗ್ ಬದಲಿಸಬೇಕು. ಫೋರ್ಕಿನ ಕಂಬದ ಮೇಲೆ ಎಣ್ಣೆಯ ಉಂಗುರ ಇದ್ದರೆ ಸೀಲು ಹೋಗಿದೆ. ಟೈರಿನ ಪಕ್ಕದ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರ, ಕೊನೆಯ ಎರಡು ವರ್ಷ: 2319 ಎಂದರೆ 2019ರ 23ನೇ ವಾರ. ಹಲ್ಲು ಎಷ್ಟೇ ಚೆನ್ನಾಗಿದ್ದರೂ ಅಂಥ ಹಳೆಯ ರಬ್ಬರಿನ ಮೇಲೆ ಮಳೆಯಲ್ಲಿ ದೂರ ಹೋಗಬೇಡಿ. ಬಿದ್ದ ಗುರುತು ಲಿವರಿನ ತುದಿ, ಬಾರ್-ಎಂಡು, ಫುಟ್‌ರೆಸ್ಟಿನ ತುದಿಯಲ್ಲಿ ಇರುತ್ತದೆ. ಹ್ಯಾಂಡಲ್ ಪೂರ್ತಿ ತಿರುಗಿದಾಗ ತಡೆಯುವ ಲೋಹದ ಮೊನೆ ಜಜ್ಜಿದ್ದರೆ ಗಾಡಿ ಜೋರಾಗಿಯೇ ಬಿದ್ದಿದೆ.

ಹೊಸದಾರಿ:
ಎಲ್ಲರಿಗೂ ಧನ್ಯವಾದ. ಸೂಪರ್ ಮೀಟಿಯರನ್ನು ಪಟ್ಟಿಯಿಂದ ತೆಗೆದೆ, ಕಿತ್ತುಹೋದ ರಸ್ತೆ ಮತ್ತು ತಳ್ಳುವ ತೂಕ ಎರಡೇ ಕಾರಣ. ವಿ-ಸ್ಟ್ರಾಮ್ 213 ಕೆ.ಜಿ. ಮತ್ತು ಮೇಲ್ಭಾರ ಎನ್ನುವ ಕಾರಣಕ್ಕೆ ಮೂರನೆಯದು. ಎನ್‌ಎಕ್ಸ್500 ಮತ್ತು ಹಿಮಾಲಯನ್ 450 ಎರಡೂ 196 ಕೆ.ಜಿ., ಇವೆರಡನ್ನು ಅರ್ಧರ್ಧ ದಿನ ಓಡಿಸಿ ನಡುಕ, ಗಾಳಿ, ಹಿಂದಿನ ಸೀಟು ಹೋಲಿಸುತ್ತೇನೆ. ಕೊನೆಯದಾಗಿ ಒಂದು: ಒಬ್ಬರಿದ್ದಾಗ, ಇಬ್ಬರಿದ್ದಾಗ ಹಿಂದಿನ ಶಾಕ್‌ನ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಬಿಗಿ) ಎಷ್ಟಿಡಬೇಕು ಎಂದು ತಿಳಿಯುವುದು ಹೇಗೆ?

ಆರನೇಗೇರು:
ಟೇಪು ಮತ್ತು ಇಬ್ಬರು ಸಹಾಯಕರು ಬೇಕು. ಹಿಂದಿನ ಚಕ್ರ ನೆಲದಿಂದ ಪೂರ್ತಿ ಮೇಲಿರುವಾಗ ಅಚ್ಚಿನ ನಡುವಿನಿಂದ ನೇರ ಮೇಲಿನ ಒಂದು ಬೋಲ್ಟಿಗೆ ಅಳೆಯಿರಿ. 600 ಮಿ.ಮೀ. ಬಂತು ಎನ್ನೋಣ. ಈಗ ಚಕ್ರ ಇಳಿಸಿ, ಪೂರ್ತಿ ಸಜ್ಜಿನಲ್ಲಿ ನೀವು ಕೂತು, ಪಾದ ಫುಟ್‌ರೆಸ್ಟಿನ ಮೇಲಿಟ್ಟು, ಒಬ್ಬರು ಮುಂದಿನಿಂದ ಗಾಡಿ ಹಿಡಿದಿರುವಾಗ ಇನ್ನೊಬ್ಬರು ಅದೇ ಅಳತೆ ತೆಗೆಯಲಿ. ವ್ಯತ್ಯಾಸವೇ ಸ್ಯಾಗ್, ಅಂದರೆ ಭಾರಕ್ಕೆ ಗಾಡಿ ಕುಸಿದ ಅಳತೆ. ಒಟ್ಟು ಓಡಾಟದ 30 ಶೇಕಡ ಸರಿಯಾದ ಲೆಕ್ಕ: 150 ಮಿ.ಮೀ. ಓಡಾಟಕ್ಕೆ 45, 200ಕ್ಕೆ 60. ಹೆಚ್ಚು ಕುಸಿದಿದ್ದರೆ ಪ್ರೀಲೋಡ್ ಬಿಗಿ ಮಾಡಿ, ಕಡಿಮೆ ಇದ್ದರೆ ಸಡಿಲಿಸಿ. ಪ್ರತಿ ಸಲ ಪ್ರೀಲೋಡ್ ತಿರುಗಿಸಿದ ನಂತರ ಸೀಟನ್ನು ಎರಡು ಸಲ ಒತ್ತಿಬಿಟ್ಟು ಮತ್ತೆ ಅಳೆಯಿರಿ, ಇಲ್ಲದಿದ್ದರೆ ಸೀಲಿನ ಹಿಡಿತದಿಂದ ಅಂಕಿ ತಪ್ಪು ಬರುತ್ತದೆ.

ಹಿಂದಿನವರು ಮತ್ತು ಬ್ಯಾಗು ಸೇರಿಸಿ ಇದೇ ಕೆಲಸ ಇನ್ನೊಮ್ಮೆ. ಎರಡೂ ಸಲ ಎಷ್ಟು ಕ್ಲಿಕ್ ಅಥವಾ ಎಷ್ಟು ಸುತ್ತು ಎಂದು ಚೀಟಿಯಲ್ಲಿ ಬರೆದು ಸೀಟಿನ ಅಡಿ ಅಂಟಿಸಿ, ಪ್ರೀಲೋಡ್ ತಿರುಗಿಸುವ ಸ್ಪ್ಯಾನರನ್ನೂ ಅಲ್ಲೇ ಇಡಿ. ಇಬ್ಬರಿಗೆ ಬಿಗಿ ಮಾಡದೆ ಹೊರಟರೆ ಹಿಂಭಾಗ ಕುಸಿದು ಹ್ಯಾಂಡಲ್ ಹಗುರಾಗುತ್ತದೆ, ಹೆಡ್‌ಲೈಟು ಮೇಲೇಳುತ್ತದೆ, ಗುಂಡಿಯಲ್ಲಿ ಶಾಕ್ ತಳ ಮುಟ್ಟುತ್ತದೆ. ಒಬ್ಬರೇ ಮರಳುವಾಗ ಸಡಿಲಿಸಲು ಮರೆತರೆ ಹಿಂಬದಿ ಕುಪ್ಪಳಿಸುತ್ತದೆ, ಸೀಟಿನ ಎತ್ತರವೂ ಒಂದೆರಡು ಸೆಂ.ಮೀ. ಹೆಚ್ಚಿರುತ್ತದೆ. ನಿಮ್ಮ ಒಳಗಾಲಿನ ಅಳತೆಗೆ ಅದು ಮೊದಲ ಸಿಗ್ನಲ್ಲಿನಲ್ಲೇ ಗೊತ್ತಾಗುತ್ತದೆ.